ಮಡಿಸಿದ ಕಿರುಬೆರಳು

ನಮ್ಮ ಕೋರ್ಟಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಎದುರಿಗೆ ‘ಮೇಡಂ’, ಬೆನ್ನ ಹಿಂದೆ ‘ಕಿರುಬೆರಳಮ್ಮ’. ಆ ಅಡ್ಡಹೆಸರು ಇಟ್ಟ ಮಹಾನುಭಾವ ನಾನೇ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಆಕೆ ದುಭಾಷಿ. ಇಂಗ್ಲಿಷ್ ಬಿಟ್ಟರೆ ಬೇರೆ ಬಾರದ ಸಾಕ್ಷಿಗಳು ಬಂದಾಗ ಕಟಕಟೆಯ ಪಕ್ಕ ನಿಂತು ಅವರ ಮಾತನ್ನು ಕನ್ನಡಕ್ಕೆ, ನಮ್ಮವರ ಪ್ರಶ್ನೆಯನ್ನು ಇಂಗ್ಲಿಷಿಗೆ ದಾಟಿಸುವುದು ಅವರ ಕೆಲಸ. ನಾನು ಬೆರಳಚ್ಚುಗಾರ. ನ್ಯಾಯಾಧೀಶರ ಪೀಠದ ಕೆಳಗೆ, ಅವರ ಬೂಟು ನನ್ನ ಕಿವಿಯ ಮಟ್ಟಕ್ಕೆ ಬರುವಷ್ಟು ತಗ್ಗಿನಲ್ಲಿ ನನ್ನ ಮೇಜು. ಆಕೆ ಹೇಳಿದ್ದನ್ನು ನಾನು ಆಗಿಂದಾಗಲೇ ಹಾಳೆಗೆ ಹೊಡೆಯಬೇಕು. ನಮ್ಮಿಬ್ಬರ ನಡುವೆ ಇದ್ದದ್ದು ನಾಲ್ಕು ಅಡಿ ಜಾಗ, ಹನ್ನೆರಡು ವರ್ಷದ ಜಗಳ.

ಜಗಳಕ್ಕೆ ಕಾರಣ ಆ ಕಿರುಬೆರಳು. ಸಾಕ್ಷಿಯ ಮಾತು ಕೇಳಿಸಿಕೊಳ್ಳುವಾಗ ಆಕೆ ಎರಡೂ ಕೈಯ ಹತ್ತು ಬೆರಳನ್ನು ಎದೆಯ ಮುಂದೆ ಬಿಡಿಸಿ ಹಿಡಿಯುತ್ತಿದ್ದರು. ಸಾಕ್ಷಿಗೆ ತಾನು ಹೇಳುವುದು ಎಷ್ಟು ಗಟ್ಟಿಯೋ ಅಷ್ಟು ಬೆರಳು ನೆಟ್ಟಗೆ. ಸುಮ್ಮನೆ ಊಹೆಯಾದರೆ ಐದೋ ಆರೋ. ಬಹುಪಾಲು ಗಟ್ಟಿಯಾಗಿದ್ದು ಎಲ್ಲೋ ಒಂದೆಳೆ ಸಂದೇಹ ಉಳಿದಿದ್ದರೆ ಎಡಗೈಯ ಕಿರುಬೆರಳೊಂದು ಮಡಿಚಿಕೊಳ್ಳುತ್ತಿತ್ತು. ಬಾಯಿ ಕನ್ನಡ ಹುಡುಕುವ ಮೊದಲೇ ಕೈಗೆ ಅಳತೆ ಸಿಕ್ಕಿರುತ್ತಿತ್ತು. ಆಮೇಲೆ ಪಕ್ಕದಲ್ಲಿದ್ದ ನೋಟ್‌ಪುಸ್ತಕದಲ್ಲಿ ಒಂದು ಗೀಟು: ಪೂರ್ತಿ ಗಟ್ಟಿಯಾದರೆ ನೇರ ಗೀಟು, ಇಲ್ಲದಿದ್ದರೆ ತುದಿ ಬಾಗಿದ ಗೀಟು.

“ಇಂಗ್ಲಿಷಿನೋರ ಹತ್ರ ಈ ಒಂದು ಬೆರಳಿಗೆ ಎಷ್ಟು ಮಾತಿದೆ ಗೊತ್ತಾ?” ಎಂದು ಊಟದ ಹೊತ್ತಿನಲ್ಲಿ ಫ್ಲಾಸ್ಕಿನ ಬಿಸಿನೀರು ಕುಡಿಯುತ್ತ ಎಣಿಸುತ್ತಿದ್ದರು. ಬೌಂಡ್ ಟು ಅಂದರೆ ಆಗದೆ ಬಿಡುವುದಿಲ್ಲ. ಆ್ಯಸ್ ಗುಡ್ ಆ್ಯಸ್ ಡನ್ ಅಂದರೆ ಮುಗಿದ ಹಾಗೇ. ಟೆನ್ ಟು ಒನ್ ಅಂದರೆ ಒಂದಕ್ಕೆ ಹತ್ತು ಕಟ್ಟಿ ಬಾಜಿ ಆಡುವಷ್ಟು ಧೈರ್ಯ. ಮಸ್ಟ್ ಹ್ಯಾವ್, ಇನ್ ಆಲ್ ಪ್ರಾಬಬಿಲಿಟಿ, ಕೊನೆಗೆ ಆಲ್ಮೋಸ್ಟ್ ಸರ್ಟನ್ಲಿ, ಅಂದರೆ ಹೆಚ್ಚೂಕಡಿಮೆ ಖಂಡಿತ. “ಒಂದು ವಿಷಯ ನೆನಪಿಟ್ಕೊಳ್ಳಿ ಟೈಪಿಸ್ಟ್ರೇ. ಮಳೆ ಬರ್ತಿರೋದನ್ನ ಕಣ್ಣಾರೆ ನೋಡ್ತಿರೋನು ‘ಮಳೆ ಬರ್ತಿದೆ’ ಅಂತಾನೆ, ಅಷ್ಟೇ. ‘ಖಂಡಿತ ಬರ್ತಿರ್ಬೇಕು’ ಅಂದ್ರೆ ಅವನು ಕಿಟಕಿ ಹತ್ರ ಇಲ್ಲ ಅಂತ ಅರ್ಥ.”

“ನಮ್ಮೋರೂ ಹಾಗೇ ಅಲ್ವಾ?” ಎಂದೆ.

“ನಮ್ಮೋರು ಕಿಟಕೀನೇ ಇಲ್ಲದಿದ್ರೂ ‘ಬರ್ತಿದೆ’ ಅಂತ ಟೈಪ್ ಮಾಡ್ತಾರೆ, ನಿಮ್ಮ ಥರ!”

ಅದು ನನಗೆ ಸರಿಯಾಗಿ ತಾಗಿತು. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು: “ಸಾಕ್ಷಿ ಹೇಳೋರು ಮಾತಿಗೆ ಸೊಪ್ಪು ಸೇರಿಸ್ತಾರೆ ಕಣಯ್ಯಾ. ಒಂಥರಾ, ನನಗನ್ಸುತ್ತೆ, ಹೆಚ್ಚೂಕಡಿಮೆ, ಏನಪ್ಪಾ ಅಂದ್ರೆ... ಸೊಪ್ಪು ಕಿತ್ತಾಕು, ಗೆಡ್ಡೆ ಮಾತ್ರ ಹಾಳೆಗೆ ಹಾಕು.” ಇಪ್ಪತ್ತೆರಡು ವರ್ಷ ನಾನು ಸೊಪ್ಪು ಕಿತ್ತೆ. ನನ್ನ ಹಾಳೆಯೆಂದರೆ ತೊಳೆದಿಟ್ಟ ಹಾಗೆ. ಬಂದ ನ್ಯಾಯಾಧೀಶರೆಲ್ಲ ಹೊಗಳಿದವರೇ. ಆ ತಿಂಗಳು ನನ್ನ ಬಡ್ತಿಯ ಆದೇಶವೂ ಹೊರಡುವುದರಲ್ಲಿತ್ತು.

ಆ ಬೆರಳಿನ ಹುಚ್ಚು ಎಲ್ಲಿಂದ ಅಂಟಿತು ಎಂದು ಒಮ್ಮೆ ಕೆಣಕಿ ಕೇಳಿದ್ದೆ. ಆಕೆ ನಗಲಿಲ್ಲ. ಹದಿನಾರು ವರ್ಷದವರಿದ್ದಾಗ ತಾಯಿ ಆಸ್ಪತ್ರೆಯಲ್ಲಿದ್ದರಂತೆ. ಹೊರದೇಶದ ಡಾಕ್ಟರು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ಈಕೆಯೊಬ್ಬಳಿಗೇ. ತಾಯಿ ಹುಷಾರಾಗುತ್ತಾಳೆ, ಆಲ್ಮೋಸ್ಟ್ ಸರ್ಟನ್ಲಿ, ಎಂದರಂತೆ ಡಾಕ್ಟರು. ಹುಡುಗಿ ಅಪ್ಪನಿಗೆ “ಏನೂ ಆಗಲ್ವಂತೆ ಅಪ್ಪಾ, ಖಂಡಿತ ಅಂತೆ” ಎಂದಳು. ಮೂರು ದಿನದಿಂದ ನಿದ್ದೆಗೆಟ್ಟಿದ್ದ ಅಪ್ಪ ಆ ಮಾತು ನಂಬಿ ಕೆಲಸಕ್ಕೆ ಹೋದರು. ಮಧ್ಯಾಹ್ನ ತಾಯಿ ತೀರಿಕೊಂಡಾಗ ಅವರು ಹತ್ತಿರ ಇರಲಿಲ್ಲ.

“ಅಪ್ಪ ಬೈಯಲಿಲ್ಲ ಕಣ್ರೀ. ‘ನೀನು ಖಂಡಿತ ಅಂದ್ಯಲ್ಲ ಮಗಳೇ’ ಅಂದ್ರು, ಅಷ್ಟೇ. ಡಾಕ್ಟರು ಸುಳ್ಳು ಹೇಳಿರ್ಲಿಲ್ಲ. ಒಂದು ಬೆರಳಿನಷ್ಟು ಜಾಗ ಬಿಟ್ಟೇ ಹೇಳಿದ್ರು. ಅದನ್ನ ಮುಚ್ಚಿದ್ದು ನಾನು.”

ಅಷ್ಟು ಹೇಳಿ ಡಬ್ಬಿ ತೊಳೆಯಲು ಎದ್ದುಹೋದರು. ನಾನು ಮರುದಿನವೂ ‘ಕಿರುಬೆರಳಮ್ಮ ಬಂದ್ರಾ?’ ಎಂದೇ ಕೇಳಿದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಇನ್ನು ಲಿಫ್ಟಿನ ಕೇಸು. ಐದು ಮಹಡಿಯ ಹಳೆಯ ಕಟ್ಟಡ. ಬೆಳಿಗ್ಗೆ ಮೆಕ್ಯಾನಿಕ್ ಬಂದು ಛಾವಣಿಯ ಮೇಲಿನ ಮೋಟಾರ್ ಕೋಣೆಯಲ್ಲಿ ಲಿಫ್ಟಿನ ಬ್ರೇಕು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ ಹೋಗಿದ್ದ. ಸಂಜೆ ಬ್ರೇಕು ಹಿಡಿಯದೆ ಲಿಫ್ಟು ಮೇಲಿನಿಂದ ಜಾರಿ ಕೆಳಗೆ ಬಡಿಯಿತು. ಒಳಗಿದ್ದ ವಯಸ್ಸಾದ ದರ್ಜಿಯೊಬ್ಬರು ಸತ್ತರು. ನೋಡಿದರೆ ಬ್ರೇಕಿನ ಬೋಲ್ಟು ಕಳಚಿಬಿದ್ದಿತ್ತು. ಆ ಬೋಲ್ಟು ಸಡಿಲವಾಗದಂತೆ ಅಡ್ಡ ತೂರಿಸಿ ಎರಡೂ ಕಾಲು ಅಗಲಿಸುವ ಬೆರಳುದ್ದದ ಪಿನ್ನು ಎಲ್ಲೂ ಇರಲಿಲ್ಲ. ಮೆಕ್ಯಾನಿಕ್ ಪಿನ್ನು ಹಾಕುವುದನ್ನೇ ಮರೆತ ಎಂದು ಪೊಲೀಸರು ಹೇಳಿದರು. ಆತನ ಉತ್ತರ ಒಂದೇ: “ಹಾಕಿದೀನಿ ಸ್ವಾಮಿ. ಯಾವಾಗ್ಲೂ ಪಿನ್ನು ಬಾಯಲ್ಲಿ ಕಚ್ಕೊಂಡೇ ಕೆಲಸ ಮಾಡೋದು ನಾನು. ತೆಗೆದು ಹಾಕಿ ಇಕ್ಕಳದಲ್ಲಿ ಮಡಿಸಿದೀನಿ. ಆಮೇಲೆ ಬಾಯಿ ಮುಕ್ಕಳಿಸಿದೀನಿ.” ಬಾಯಿ ಮುಕ್ಕಳಿಸಿದ್ದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ತಪ್ಪು ಸಾಬೀತಾದರೆ ಜೈಲೇ.

ಆತ ಇಂಗ್ಲಿಷ್ ಬಾರದವನು. ವಿಚಾರಣೆಯುದ್ದಕ್ಕೂ ಸಾಕ್ಷಿಗಳ ಮುಖ ನೋಡುವುದು ಬಿಟ್ಟು ದುಭಾಷಿಯ ಕೈಯನ್ನೇ ನೋಡುತ್ತ ಕೂರುತ್ತಿದ್ದ. ಎಷ್ಟಾದರೂ ಕೈಯಿಂದ ದುಡಿಯುವವನು, ಆ ಲೆಕ್ಕ ಅವನಿಗೆ ಎರಡೇ ದಿನದಲ್ಲಿ ಹತ್ತಿತು.

ಆ ದಿನ ಲಿಫ್ಟ್ ತಯಾರಿಸಿದ ಕಂಪನಿಯ ತಜ್ಞನ ಸರದಿ. ಎತ್ತರದ ಆಳು, ಮಾತಿಗೊಮ್ಮೆ ಕನ್ನಡಕ ಒರೆಸುತ್ತಿದ್ದ. ಮಧ್ಯಾಹ್ನ ಮೂರಕ್ಕೆ ಅವನ ವಿಮಾನ. ಎಲ್ಲಕ್ಕೂ ಅವಸರ. ಸರ್ಕಾರಿ ವಕೀಲರು ಕೇಳಿದರು, ಆತ ಬೋಲ್ಟನ್ನು ಬೆಳಕಿಗೆ ಹಿಡಿದು ಹೇಳಿದ. ಆಕೆಯ ಕೈ ನನ್ನ ಕಣ್ಣಂಚಿನಲ್ಲಿ ಬಿಚ್ಚಿಕೊಂಡಿತು. ಒಂಬತ್ತು ನೇರ, ಒಂದು ಮಡಿಚಿದ್ದು.

“ಮೋಟಾರ್ ಕೋಣೆಯಲ್ಲಿ ಪಿನ್ನಿನ ಚೂರು ಸಿಕ್ಕಿಲ್ಲ. ಹೀಗಾಗಿ ಆ ಪಿನ್ನನ್ನು ಹೆಚ್ಚೂಕಡಿಮೆ ಖಂಡಿತವಾಗಿ ಮತ್ತೆ ಹಾಕಿರಲಿಲ್ಲ ಅಂತ ಹೇಳ್ತಿದಾರೆ,” ಎಂದರು ಆಕೆ.

ನನ್ನ ಬೆರಳು ತಾವಾಗಿಯೇ ಸೊಪ್ಪು ಕಿತ್ತವು. ‘ಸದರಿ ಪಿನ್ನನ್ನು ಮತ್ತೆ ಅಳವಡಿಸಿರಲಿಲ್ಲ’ ಎಂದು ಹೊಡೆದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಅಕ್ಕಿ ಆರಿಸುವವರು ಕಲ್ಲು ಎಸೆಯುವಾಗ ಯೋಚಿಸುತ್ತಾರೆಯೇ? ಹಾಗೆ.

ಸಾಕ್ಷಿಯ ಹೇಳಿಕೆಯನ್ನು ದುಭಾಷಿ ಅವನಿಗೆ ಓದಿ ಹೇಳಿದ ಮೇಲೆ ಅವನು ಸಹಿ ಹಾಕಬೇಕು, ಕೊನೆಯಲ್ಲಿ ‘ಸರಿಯಾಗಿದೆ’ ಎಂದು ದುಭಾಷಿಯೂ ಸಹಿ ಹಾಕಬೇಕು, ಇದು ನಮ್ಮಲ್ಲಿ ಕ್ರಮ. ಆವತ್ತು ತಜ್ಞ ಗಡಿಯಾರ ತೋರಿಸಿದ. “ಸಹಿ ಈಗ ತಗೊಳ್ಳಿ, ಮೇಡಂ ಆಮೇಲೆ ಓದಿ ನೋಡ್ಲಿ,” ಎಂದರು ನ್ಯಾಯಾಧೀಶರು. ಆಕೆ “ಸ್ವಾಮಿ, ಓದದೆ...” ಎಂದು ಬಾಯಿ ತೆರೆಯುವಷ್ಟರಲ್ಲಿ ಆತ ಸಹಿ ಗೀಚಿ ಚೀಲ ಎತ್ತಿಕೊಂಡಾಗಿತ್ತು.

ಮೂರೂವರೆಗೆ ಕೋರ್ಟು ಮತ್ತೆ ಕೂತಿತು. ಮೆಕ್ಯಾನಿಕ್ಕಿನ ವಕೀಲರು ಒಂದು ಅರ್ಜಿ ಹಿಡಿದು ಎದ್ದರು. ಲಿಫ್ಟಿನ ಹಗ್ಗ ಇಳಿಯಲು ಮೋಟಾರ್ ಕೋಣೆಯ ನೆಲದಲ್ಲಿ ತೂತಿದೆ. ಪಿನ್ನು ಮುರಿದು ಆ ತೂತಿನಿಂದ ಲಿಫ್ಟಿನ ತಳದ ಗುಂಡಿಗೆ ಬಿದ್ದಿರಬಹುದು. ಗುಂಡಿಯಲ್ಲಿ ಮೊಣಕಾಲುದ್ದ ಎಣ್ಣೆ ನೀರು, ಕಸ. ಯಾರೂ ಹುಡುಕಿಲ್ಲ. ಹೊಸ ಲಿಫ್ಟು ಕೂರಿಸಲು ನಾಳೆ ಬೆಳಿಗ್ಗೆ ಎಂಟಕ್ಕೆ ಆ ಗುಂಡಿಯನ್ನು ಪಂಪು ಹಚ್ಚಿ ಬಳಿದು ಚರಂಡಿಗೆ ಬಿಡುತ್ತಾರೆ. ಅಷ್ಟರೊಳಗೆ ಅದನ್ನು ಜರಡಿ ಹಿಡಿಸಬೇಕು.

ಸರ್ಕಾರಿ ವಕೀಲರು ನಕ್ಕರು. “ಹಾಕದೇ ಇರೋ ಪಿನ್ನನ್ನ ಎಲ್ಲಿ ಅಂತ ಹುಡುಕ್ತೀರಿ? ತಜ್ಞರೇ ಹಾಕಿಲ್ಲ ಅಂದಿದಾರಲ್ಲ!”

“ತಜ್ಞರಿಗೆ ಸಂದೇಹವೇ ಇಲ್ಲದಿದ್ರೆ ಈ ಅರ್ಜಿ ಬೇಕಾಗಿಲ್ಲ,” ಎಂದರು ನ್ಯಾಯಾಧೀಶರು. “ಹಾಳೆಯಲ್ಲಿ ಏನಿದೆ ನೋಡೋಣ. ಮೇಡಂ, ಸಹಿ ಆಯ್ತಾ?”

ಆಕೆ ಆಗಲೇ ಹಾಳೆ ಓದುತ್ತಿದ್ದರು. ಮೂರನೆಯ ಪುಟದಲ್ಲಿ ಕಣ್ಣು ನಿಂತಿತು. ಏನು ಸಿಕ್ಕಿದೆ ಎಂದು ನನಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಆಕೆ ನನ್ನನ್ನು ನೋಡಿದರು. ನಾನು ಟೈಪ್ ಯಂತ್ರ ನೋಡಿದೆ.

“ಸ್ವಾಮಿ, ಇದಕ್ಕೆ ನಾನು ಸಹಿ ಹಾಕಲ್ಲ. ‘ಹೆಚ್ಚೂಕಡಿಮೆ ಖಂಡಿತ’ ಅಂದಿದ್ದೆ. ಹಾಳೆಯಲ್ಲಿ ಅದಿಲ್ಲ.”

ಸರ್ಕಾರಿ ವಕೀಲರು ಬೆಂಕಿ ಬಿದ್ದ ಹಾಗೆ ಎದ್ದರು. ಸಾಕ್ಷಿ ಊರು ಬಿಟ್ಟ ಮೇಲೆ ಸಾಕ್ಷ್ಯ ತಿದ್ದುವುದೇ? ಈ ಬೆರಳಚ್ಚುಗಾರ ಇಪ್ಪತ್ತೆರಡು ವರ್ಷದಲ್ಲಿ ಒಂದು ತಪ್ಪು ಮಾಡಿದವರಲ್ಲ. ದುಭಾಷಿ ಆರೋಪಿಯ ಕಡೆ ವಾಲಿದ್ದಾರೆ, ಇದಕ್ಕೆ ಕೆಲಸದಿಂದ ತೆಗೆಯಬೇಕು! ಮೆಕ್ಯಾನಿಕ್ಕಿನ ವಕೀಲರು “ನಾನೂ ಕೇಳಿಸ್ಕೊಂಡಿದೀನಿ” ಎಂದರು. “ನಿಮ್ಮಿಬ್ಬರ ಕಿವೀನೂ ನನಗೆ ಬೇಡ,” ಎಂದು ನ್ಯಾಯಾಧೀಶರು ಕೈಯೆತ್ತಿದರು. ಅವರು ತಾವೇ ಕೇಳಿಸಿಕೊಂಡಿರಲಿಲ್ಲ, ಬೆಳಿಗ್ಗೆ ಇನ್ನೊಂದು ಕಡತ ತಿರುವುತ್ತ ಕೂತಿದ್ದರು, ಪಾಪ.

ಆಕೆ ನೋಟ್‌ಪುಸ್ತಕ ತೆರೆದು ಮುಂದಿಟ್ಟರು. ತುದಿ ಬಾಗಿದ ಗೀಟು. “ಊಟದ ಹೊತ್ತಲ್ಲಿ ಎಳೆದಿರಬಹುದಲ್ಲ?” ಎಂದರು ಸರ್ಕಾರಿ ವಕೀಲರು. ನ್ಯಾಯಾಧೀಶರು ತಜ್ಞನಿಗೆ ಫೋನು ಮಾಡಿಸಿದರು. ವಿಮಾನ ಏರಿಯಾಗಿತ್ತು, ನಾಳೆ ಮಧ್ಯಾಹ್ನದವರೆಗೆ ಸಿಗುವುದಿಲ್ಲ.

ಆಗ ನ್ಯಾಯಾಧೀಶರ ಬೂಟು ನನ್ನ ಕಡೆ ತಿರುಗಿತು. “ಏನ್ರೀ ನೀವು ಹೇಳೋದು?”

ಎದ್ದು ನಿಂತೆ. ‘ಕೇಳಿಸಲಿಲ್ಲ ಸ್ವಾಮಿ’ ಎಂದರೆ ಮುಗಿಯಿತು. ಎರಡೇ ಪದ. ಸುಳ್ಳೂ ಅನ್ನಿಸದಂಥ ಸುಳ್ಳು. ಬಡ್ತಿ ಬರುತ್ತದೆ, ತೊಳೆದಿಟ್ಟ ಹೆಸರು ಹಾಗೇ ಉಳಿಯುತ್ತದೆ. ಆ ಎರಡು ಪದ ನಾಲಿಗೆಯ ತುದಿಗೆ ಬಂದು ಕೂತಿದ್ದವು ಎಂದು ಒಪ್ಪಿಕೊಳ್ಳುತ್ತೇನೆ. ಆಕೆ ನನ್ನನ್ನು ಬೇಡುವ ಹಾಗೆ ನೋಡಿದ್ದರೆ ಬಹುಶಃ ಹೇಳಿಯೇ ಬಿಡುತ್ತಿದ್ದೆ, ನನ್ನ ಹಟ ಅಂಥದು. ಆಕೆ ನನ್ನ ಕಡೆ ನೋಡಲೇ ಇಲ್ಲ. ನೋಡುತ್ತಿದ್ದವನು ಮೆಕ್ಯಾನಿಕ್. ಗಲಾಟೆಯಲ್ಲಿ ಅವನಿಗೆ ಏನು ಅರ್ಥವಾಗಿತ್ತೋ, ತನ್ನ ಎಡಗೈಯ ಕಿರುಬೆರಳನ್ನು ಮಡಿಸಿ ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದ. ಅದೊಂದೇ ಅವನ ಪಾಲಿಗೆ ಉಳಿದಿದ್ದ ಜಾಗ. ನನಗೆ ‘ನೀನು ಖಂಡಿತ ಅಂದ್ಯಲ್ಲ ಮಗಳೇ’ ನೆನಪಾಯಿತು.

“ಮೇಡಂ ಹೇಳಿದ್ದೇ ಸರಿ ಸ್ವಾಮಿ,” ಎಂದೆ. “ಕೇಳಿಸ್ತು. ನಾನೇ ಬಿಟ್ಟೆ.”

“ಯಾಕೆ ಬಿಟ್ರಿ?”

“ಅಭ್ಯಾಸ ಸ್ವಾಮಿ.”

“ಎಷ್ಟು ವರ್ಷದ ಅಭ್ಯಾಸ?”

“ಇಪ್ಪತ್ತೆರಡು.”

ನ್ಯಾಯಾಧೀಶರು ಅರ್ಜಿ ಎಳೆದುಕೊಂಡು ಅದರ ಮೇಲೆ ಕೈಬರಹದಲ್ಲೇ ಆದೇಶ ಬರೆದರು. ನನಗೆ ಟೈಪ್ ಮಾಡಲು ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಪೊಲೀಸರ ಮುಂದೆ ಗುಂಡಿಯ ಕೆಸರನ್ನು ಬಕೆಟ್ಟಿನಲ್ಲಿ ಎತ್ತಿ ಮರಳಿನ ಜರಡಿಗೆ ಸುರಿದರು. ನಾನೂ ಹೋಗಿದ್ದೆ. ಆಕೆಯೂ ಬಂದಿದ್ದರು, ಮೂಗಿಗೆ ಸೆರಗು ಹಿಡಿದು. ಬಾಟಲಿ ಮುಚ್ಚಳ, ಒಂಟಿ ಚಪ್ಪಲಿ, ಕೀಲಿಕೈ, ಗುಂಡುಸೂಜಿ ಸಿಕ್ಕವು. ಅರವತ್ತು ಬಕೆಟ್ ಆದರೂ ಪಿನ್ನಿಲ್ಲ. ಪಂಪಿನವನು ಗೊಣಗತೊಡಗಿದ. ಇವನು ನಿಜವಾಗಿಯೂ ಮರೆತಿದ್ದರೆ ಎಂದು ನನಗೂ ಅನ್ನಿಸಿತು. ಒಂಬತ್ತು ಬೆರಳು ಆ ಕಡೆಗೇ ಇದ್ದವಲ್ಲ. ಎಪ್ಪತ್ತೋ ಎಪ್ಪತ್ತೆರಡೋ ಬಕೆಟ್ಟಿಗೆ ಜರಡಿಯವನು “ಇಲ್ಲೊಂದು ತಂತಿಯಂಥದ್ದು” ಎಂದ. ಅರ್ಧ ಮುರಿದಿತ್ತು, ತುಕ್ಕು ಹಿಡಿದಿತ್ತು. ಅದನ್ನು ಲಕೋಟೆಗೆ ಹಾಕಿ ಮೊಹರು ಮಾಡಿದರು. ಅದು ಅದೇ ಪಿನ್ನೋ ಯಾವುದೋ ಹಳೆಯ ತಂತಿಯೋ ಎಂದು ಅಲ್ಲಿದ್ದ ಯಾರಿಗೂ ಹೇಳಲಾಗಲಿಲ್ಲ.

ಎರಡು ತಿಂಗಳ ಮೇಲೆ ತಜ್ಞ ಮತ್ತೆ ಬಂದ. ಅಷ್ಟರಲ್ಲಿ ನನ್ನ ಬಡ್ತಿ ಹೋಗಿತ್ತು, ಹಳೆಯ ಕಡತದ ಕೋಣೆಗೆ ವರ್ಗವಾಗಿತ್ತು. ಆ ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಆತ ಲಕೋಟೆ ಬಿಡಿಸಿ ಚೂರನ್ನು ಬೋಲ್ಟಿನ ತೂತಿಗೆ ಇಟ್ಟು ನೋಡಿದ. ಭೂತಗನ್ನಡಿಯಲ್ಲಿ ಅದರ ಬಾಗಿದ ಕಾಲನ್ನು, ಕಾಲಿನ ಮೇಲೆ ಇಕ್ಕಳದ ಹಲ್ಲಿನ ಗುರುತನ್ನು ನೋಡಿದ. ಕನ್ನಡಕ ಒರೆಸಿದ. ಮತ್ತೆ ನೋಡಿದ. ಆಮೇಲೆ ಆತ ಮೂರೇ ಪದ ಹೇಳಿದ.

“ಇಟ್ ವಾಸ್ ಫಿಟೆಡ್.”

ಸರ್ಟನ್ಲಿ ಇಲ್ಲ, ಮಸ್ಟ್ ಇಲ್ಲ, ಏನೂ ಇಲ್ಲ. ಮೆಕ್ಯಾನಿಕ್ ಎಂದಿನಂತೆ ಆಕೆಯ ಕೈ ನೋಡುತ್ತಿದ್ದ. ಹತ್ತೂ ಬೆರಳು ನೇರವಾಗಿ ನಿಂತವು. “ಪಿನ್ನು ಹಾಕಿತ್ತು” ಎಂದು ಆಕೆ ಹೇಳುವ ಮೊದಲೇ ಅವನು ಕಟಕಟೆಯ ಕಂಬಿ ಹಿಡಿದು ಕುಸಿದು ಕೂತು ಅಳುತ್ತಿದ್ದ. ನಾನೂ ಅತ್ತೆ. ಯಾರೂ ನೋಡಲಿಲ್ಲ, ನೋಡಿದ್ದರೂ ಚಿಂತೆಯಿರಲಿಲ್ಲ. ಮುಂದಿನ ವಾರ ಅವನನ್ನು ಬಿಟ್ಟರು.

ಅಲ್ಲಿಗೆ ಸುಖವಾಗಿ ಮುಗಿಸಬಹುದಿತ್ತು. ನ್ಯಾಯಾಧೀಶರು ಕೇಳಿದ ಪ್ರಶ್ನೆಯೊಂದು ಬಿಡಲಿಲ್ಲ. ಎಷ್ಟು ವರ್ಷದ ಅಭ್ಯಾಸ? ಆಕೆ ನಿವೃತ್ತಿಯಾದ ದಿನ ನನ್ನ ಕೋಣೆಗೆ ಒಂದು ಕಬ್ಬಿಣದ ಪೆಟ್ಟಿಗೆ ಹೊರಿಸಿಕೊಂಡು ಬಂದರು. ಹನ್ನೆರಡು ವರ್ಷದ ನೋಟ್‌ಪುಸ್ತಕಗಳು.

“ನಿಮ್ಮ ಹಾಳೆಗಳೂ ಇಲ್ಲೇ ಇವೆಯಲ್ಲ. ಹೋಲಿಸಿ ನೋಡಿ,” ಎಂದರು.

“ನಾನೊಬ್ಬನೇನಾ?”

“ಕಿತ್ತೋರು ನೀವೊಬ್ರೇ ತಾನೇ?”

ಹೋಲಿಸುತ್ತಿದ್ದೇನೆ. ಇದುವರೆಗೆ ಮೂರು ವರ್ಷದ್ದು ಮುಗಿದಿದೆ. ತುದಿ ಬಾಗಿದ ಗೀಟಿದ್ದು ಹಾಳೆಯಲ್ಲಿ ನೆಟ್ಟಗೆ ನಿಂತ ಮಾತುಗಳು ಹದಿನಾಲ್ಕು. ಹೆಚ್ಚಿನವು ಯಾರ ಕೂದಲೂ ಕೊಂಕಿಸದಂಥವು. ಒಂದು ಹಾಗಲ್ಲ. ಗೋದಾಮಿನ ಬೆಂಕಿಯ ಕೇಸು. ಕಾವಲುಗಾರನೊಬ್ಬ ಒಂಬತ್ತು ವರ್ಷದಿಂದ ಒಳಗಿದ್ದಾನೆ. ಸಾಕ್ಷಿ ಹೇಳಿದ್ದು ‘ಅವನೇ ಇರಬೇಕು’ ಎಂದು. ನಾನು ಹೊಡೆದದ್ದು ‘ಅವನೇ’.

ತಪ್ಪು ನನ್ನದೆಂದು ಒಪ್ಪಿಕೊಂಡು ಮೇಲಿನ ಕೋರ್ಟಿಗೆ ಅರ್ಜಿ ಟೈಪ್ ಮಾಡಿ ಮೊನ್ನೆ ಆಕೆಯ ಮನೆಗೆ ತೆಗೆದುಕೊಂಡು ಹೋದೆ. ಆಕೆ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ ಎಡಗೈ ತಾನಾಗಿಯೇ ಮೇಲೆದ್ದಿತು, ಕಿರುಬೆರಳು ಮಡಿಚಿಕೊಂಡಿತು.

“‘ಈತ ನಿರಪರಾಧಿ’ ಅಂತ ಬರ್ದಿದೀರಲ್ಲ. ನೀವು ನೋಡಿದ್ರಾ?”

“ಇಲ್ಲ.”

“ಹಾಗಾದ್ರೆ ತಿದ್ದಿ.”

ಮನೆಗೆ ಬಂದು ಹೊಸ ಹಾಳೆ ಹಾಕಿ ಮೊದಲಿನಿಂದ ಇನ್ನೊಮ್ಮೆ ಹೊಡೆದೆ.